ಬಾವಿ, ಸೊಳ್ಳೆ ಮತ್ತು ತಲೆಕೆಳಗಾದ ವರ್ಣತಂತು



ಹುತ್ರಿದುರ್ಗದ ಇತಿಹಾಸವನ್ನು ಬರೆಯಿರೆಂದು ನಿಮ್ಮಲ್ಲಿ ಹಲವರು ಬಹಳ ದಿನಗಳಿಂದ ಕೇಳುತ್ತಿದ್ದೀರಿ. ಕೆಂಪೇಗೌಡರ ಹೆಸರಿನೊಂದಿಗೆ ಸೇರಿಕೊಂಡಿರುವ ನವದುರ್ಗಗಳಲ್ಲಿ ನಮ್ಮದೂ ಒಂದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ಹಿಡಿದ ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಅದರ ಕೈಸೇರಿತು. ಇದನ್ನೆಲ್ಲ ಬಲ್ಲವರು ಬೇಕಾದಷ್ಟು ಜನರಿದ್ದಾರೆ, ಬರೆದೂ ಇದ್ದಾರೆ. ನಾನು ಇಂದು ಬರೆಯಹೊರಟಿರುವುದು ಆ ಬೆಟ್ಟದ ತಪ್ಪಲಿನ ಒಂದು ಬಾವಿಯ ಕುರಿತು. ಅದರ ಚರಿತ್ರೆ ಯಾವ ಶಾಸನದಲ್ಲಿಯೂ ಇಲ್ಲ. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ನಲವತ್ತು ವರ್ಷ ಬೇಕಾಯಿತು. ನಾನು ಜೀವಮಾನವಿಡೀ ಪಾಠ ಮಾಡಿದ ವಿಷಯವೇ ಅದಕ್ಕೆ ಕೀಲಿಕೈಯಾಗಿತ್ತೆಂಬುದು ತಡವಾಗಿ ತಿಳಿಯಿತು.

ಅದು ನಮ್ಮ ಹೊಲದಲ್ಲಿದ್ದ ಕಪಿಲೆ ಬಾವಿ. ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತುತ್ತಿದ್ದುದನ್ನು ಕಂಡ ಕೊನೆಯ ತಲೆಮಾರಿನವನು ನಾನು. ಕಲ್ಲು ಕಟ್ಟಡದ ಬಾವಿ, ಒಂದು ಬದಿಯಲ್ಲಿ ಮೆಟ್ಟಿಲು. ಬೇಸಿಗೆಯಲ್ಲಿಯೂ ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು. ಆದರೆ ನನ್ನ ತಾಯಿ ಸಂಜೆಯಾದ ಮೇಲೆ ಆ ಬಾವಿಯ ಕಡೆಗೆ ಹೋಗುತ್ತಿರಲಿಲ್ಲ, ನಮ್ಮನ್ನೂ ಬಿಡುತ್ತಿರಲಿಲ್ಲ. ನಾನು ಹುಟ್ಟುವುದಕ್ಕೆ ಮೊದಲು ಅವರಿಗೆ ಒಬ್ಬ ಮಗನಿದ್ದ. ಆರು ವರ್ಷದವನಿದ್ದಾಗ ಚಳಿಜ್ವರದಲ್ಲಿ ತೀರಿಕೊಂಡ. "ಬಾವಿಯೇ ನನ್ನ ಮಗುವನ್ನು ತಿಂದಿತು" ಎನ್ನುತ್ತಿದ್ದರು ಅಮ್ಮ. ಊರಿನವರು ಇದನ್ನು ಗಾಳಿಸೋಕಿನ ಮಾತೆಂದು ತಿಳಿದಿದ್ದರು, ನಾನೂ ಹಾಗೆಯೇ ತಿಳಿದಿದ್ದೆ.

1960ರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಊರಿಗೆ ಬಂದಾಗ ಒಂದು ದಿನ ಅಮ್ಮನಿಗೆ ಬುದ್ಧಿ ಹೇಳಿದೆ. "ಅಮ್ಮ, ಚಳಿಜ್ವರ ಬರುವುದು ಸೊಳ್ಳೆಯಿಂದ. ಸೊಳ್ಳೆ ಹುಟ್ಟುವುದು ಕೊಳಚೆಯಲ್ಲಿ. ನಮ್ಮ ಬಾವಿಯ ನೀರು ಕನ್ನಡಿಯ ಹಾಗಿದೆ. ಸುಮ್ಮನೆ ಬಾವಿಯನ್ನು ದೂರಬೇಡ." ಅಮ್ಮ ಒಲೆಯ ಮುಂದೆ ಕುಳಿತಿದ್ದರು. "ನೀನು ಓದಿದವನು, ಇದ್ದರೂ ಇರಬಹುದಪ್ಪ. ಆದರೆ ನನ್ನ ಮಗು ಹೋದದ್ದು ಬಾವಿ ತುಂಬಿದ ವರ್ಷ" ಎಂದಷ್ಟೇ ಹೇಳಿ ಮುದ್ದೆ ತೊಳಸತೊಡಗಿದರು. ನಾನು ಗೆದ್ದೆನೆಂದುಕೊಂಡೆ.

ಈಗ ಇನ್ನೊಂದು ನೆನಪು. 1980ರ ದಶಕದಲ್ಲಿ ಪಿ.ಯು. ತರಗತಿಗೆ ವರ್ಣತಂತುಗಳ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ವಿಲೋಮದ ಕುಣಿಕೆಯನ್ನು ಬರೆದು, "ಇದನ್ನು ಅಂದವಾಗಿ ಬರೆದು ಹೆಸರು ಗುರುತಿಸಿ, ಅಂಕ ತಪ್ಪುವುದಿಲ್ಲ" ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಈ ಕುಣಿಕೆಯಿಂದ ಯಾರಿಗೆ ಏನು ಉಪಯೋಗ?" ಎಂದು ಕೇಳಿದಳು. "ನಿನಗೆ ಐದು ಅಂಕದ ಉಪಯೋಗ" ಎಂದೆ. ತರಗತಿ ನಕ್ಕಿತು. ಅವಳೂ ನಕ್ಕು ಕುಳಿತುಕೊಂಡಳು. ಅವಳು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಕೊಟ್ಟದ್ದು ತಪ್ಪು ಉತ್ತರ. ಅವಳು ಎಲ್ಲಿದ್ದರೂ ಈ ಲೇಖನವನ್ನು ಓದಲಿ ಎಂಬುದು ನನ್ನ ಆಸೆ.

ಮರೆತವರಿಗಾಗಿ ಪಾಠವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವರ್ಣತಂತುವೆಂದರೆ ಜೀನುಗಳನ್ನು ಸಾಲಾಗಿ ಕಟ್ಟಿದ ಹೂವಿನ ದಂಡೆ ಎಂದುಕೊಳ್ಳಿ. ಸಾಲು ಹೀಗಿರಲಿ: ಕ ಖ ಗ ಘ ಚ ಛ ಜ ಝ. ಯಾವುದೋ ಕಾರಣದಿಂದ ದಂಡೆ ಎರಡು ಕಡೆ ತುಂಡಾಗಿ, ನಡುವಿನ ಭಾಗ ತಿರುಗಿ ಕೂಡಿಕೊಂಡರೆ ಸಾಲು ಕ ಖ ಛ ಚ ಘ ಗ ಜ ಝ ಎಂದಾಗುತ್ತದೆ. ಇದೇ ವಿಲೋಮ, ನಾವು ತರಗತಿಯಲ್ಲಿ ಇನ್‌ವರ್ಷನ್ ಎನ್ನುತ್ತಿದ್ದುದು. ಹೂವು ಯಾವುದೂ ಕಳೆದಿಲ್ಲ, ಹೊಸದಾಗಿ ಸೇರಿಲ್ಲ, ಕ್ರಮ ಮಾತ್ರ ಬದಲಾಗಿದೆ. ಆದ್ದರಿಂದ ಸಾಮಾನ್ಯವಾಗಿ ಆ ಜೀವಿಗೆ ತೊಂದರೆಯಿಲ್ಲ. ತೊಡಕು ಹುಟ್ಟುವುದು ಅಂಡಾಣು, ವೀರ್ಯಾಣುಗಳು ತಯಾರಾಗುವಾಗ.

ಮಿಯಾಸಿಸ್ ಎಂಬ ಆ ವಿಭಜನೆಯಲ್ಲಿ ತಾಯಿಯಿಂದ ಬಂದ ವರ್ಣತಂತು ಮತ್ತು ತಂದೆಯಿಂದ ಬಂದ ವರ್ಣತಂತು ಹೂವಿಗೆ ಹೂವು ಸರಿಹೊಂದಿಸಿಕೊಂಡು ಜೋಡಿಯಾಗಿ ನಿಲ್ಲುತ್ತವೆ, ನಡುವೆ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದು ಕ್ರಾಸಿಂಗ್ ಓವರ್, ಅಡ್ಡದಾಟು. ಒಂದು ದಂಡೆ ಮೊದಲಿನ ಕ್ರಮದ್ದು, ಇನ್ನೊಂದು ತಿರುಗಿದ್ದು ಎಂದಾದರೆ ಹೂವಿಗೆ ಹೂವು ಹೊಂದಬೇಕಾದಾಗ ಒಂದು ದಂಡೆ ಸುತ್ತಿಕೊಂಡು ಕುಣಿಕೆಯಾಗಲೇಬೇಕು. ಆ ಕುಣಿಕೆಯೊಳಗೆ, ಘ ಮತ್ತು ಚ ನಡುವೆ ಅಡ್ಡದಾಟು ನಡೆಯಿತೆಂದುಕೊಳ್ಳಿ. ಆಗ ಹುಟ್ಟುವ ಒಂದು ತಂತು ಕ ಖ ಗ ಘ ಚ ಛ ಖ ಕ. ಇನ್ನೊಂದು ಝ ಜ ಗ ಘ ಚ ಛ ಜ ಝ. ವರ್ಣತಂತುವನ್ನು ಎಳೆಯುವ ಹಿಡಿಕೆ, ಅಂದರೆ ಸೆಂಟ್ರೊಮಿಯರ್, ಕ ಎಂಬ ತುದಿಯಲ್ಲಿದ್ದರೆ, ಮೊದಲನೆಯದಕ್ಕೆ ಎರಡು ಹಿಡಿಕೆ, ಎರಡನೆಯದಕ್ಕೆ ಒಂದೂ ಇಲ್ಲ. ಎರಡು ಹಿಡಿಕೆಯದನ್ನು ಕೋಶದ ಎರಡೂ ಧ್ರುವಗಳು ಎಳೆದು ಸೇತುವೆಯಂತೆ ಬಿಗಿದು ನಿಲ್ಲಿಸುತ್ತವೆ, ಕೊನೆಗೆ ಅದು ಹರಿಯುತ್ತದೆ. ಹಿಡಿಕೆಯಿಲ್ಲದ್ದು ದಾರಿಯಲ್ಲೇ ಉಳಿದು ಕಳೆದುಹೋಗುತ್ತದೆ. ಹಿಡಿಕೆ ವಿಲೋಮದ ಒಳಗೇ ಇದ್ದರೆ ಸೇತುವೆ ಆಗುವುದಿಲ್ಲ, ಆದರೆ ಕೆಲವು ಜೀನುಗಳು ಎರಡೆರಡಾಗಿ ಕೆಲವು ಇಲ್ಲವಾಗಿ ಭ್ರೂಣ ಉಳಿಯದೆ ಹೋಗಬಹುದು. ಎರಡೂ ಸಂದರ್ಭಗಳಲ್ಲಿ ಫಲ ಒಂದೇ. ಅದಲುಬದಲಾದವು ಅಳಿದು, ಬದಲಾಗದವು ಮಾತ್ರ ಮುಂದಿನ ತಲೆಮಾರಿಗೆ ದಾಟುತ್ತವೆ. ತಿರುಗಿದ ಭಾಗದ ಜೀನುಗಳೆಲ್ಲ ಬೇರೆಯಾಗದೆ ಒಂದೇ ಗಂಟಾಗಿ ಸಾಗುತ್ತವೆ.

ಬಂಧುಗಳಿಗೆ ಒಂದು ಮಾತು. ಮನುಷ್ಯರ ಒಂಬತ್ತನೆಯ ವರ್ಣತಂತುವಿನಲ್ಲಿ ಇಂಥ ಒಂದು ವಿಲೋಮ ನೂರಕ್ಕೆ ಒಬ್ಬರಿಂದ ಮೂವರಲ್ಲಿ ಇರುತ್ತದೆ, ಅದನ್ನು ಸಹಜ ವ್ಯತ್ಯಾಸವೆಂದೇ ಪರಿಗಣಿಸುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ ಆ ಪದ ಕಂಡೊಡನೆ ಯಾರೂ ಎದೆಗುಂದಬೇಕಿಲ್ಲ. ಬೇರೆ ವಿಲೋಮಗಳಿದ್ದರೆ ತಳಿವೈದ್ಯರನ್ನು ಕೇಳಿ ತಿಳಿಯಬೇಕು.

ಈ ಜ್ಞಾನ ಬಂದದ್ದು ಹಣ್ಣಿನ ನೊಣದಿಂದ, ಅಂದರೆ ಬಾಳೆಹಣ್ಣು ಕೊಳೆತರೆ ಮುತ್ತುವ ಡ್ರೊಸೊಫಿಲಾದಿಂದ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಟಿ. ಎಚ್. ಮಾರ್ಗನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಎಂಬ ಯುವಕನಿದ್ದ. ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ, ಕಾಲೇಜಿನ ಮನೆಪಾಠವನ್ನು ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಜೀನುಗಳ ಮೊದಲ ನಕ್ಷೆಯನ್ನು ರಚಿಸಿದವನು ಆತ. ಅದು 1913ರಲ್ಲಿ ಪ್ರಕಟವಾಯಿತು. ಅಡ್ಡದಾಟು ಎಷ್ಟು ಸಲ ನಡೆಯುತ್ತದೆ ಎಂಬುದೇ ಆ ನಕ್ಷೆಗೆ ಅಳತೆಗೋಲು. ಆದರೆ ಕೆಲವು ನೊಣಗಳಲ್ಲಿ ಅಡ್ಡದಾಟಿನ ಸಂತತಿಯೇ ಕಾಣುತ್ತಿರಲಿಲ್ಲ. ಅಡ್ಡದಾಟನ್ನು ತಡೆಯುವ ಯಾವುದೋ ಅಂಶವಿದೆಯೆಂದು ಮೊದಲು ಭಾವಿಸಿದರು. 1921ರಲ್ಲಿ ಎರಡು ಹತ್ತಿರದ ಪ್ರಭೇದಗಳ ನಕ್ಷೆಗಳನ್ನು ಹೋಲಿಸಿದ ಸ್ಟರ್ಟೆವಂಟ್, ಒಂದರ ಮೂರನೆಯ ವರ್ಣತಂತುವಿನಲ್ಲಿ ಜೀನುಗಳ ಕ್ರಮ ತಿರುಗಿರುವುದನ್ನು ಕಂಡ. 1926ರಲ್ಲಿ ಅಡ್ಡದಾಟನ್ನು ತಡೆಯುತ್ತಿದ್ದದ್ದು ವಿಲೋಮವೇ ಎಂದು ತೋರಿಸಿದ. 1936ರಲ್ಲಿ ಆತನೂ ಬೀಡಲ್ ಅವರೂ ಸೇರಿ ಇನ್ನೊಂದು ಒಗಟನ್ನು ಬಿಡಿಸಿದರು. ವಿಲೋಮವಿರುವ ಹೆಣ್ಣು ನೊಣದ ಮೊಟ್ಟೆಗಳು ಹಾಳಾಗಬೇಕಿತ್ತಲ್ಲ, ಏಕೆ ಆಗುವುದಿಲ್ಲ? ಸೇತುವೆಗೆ ಸಿಕ್ಕ ತಂತುಗಳು ನಡುವಿನ ಎರಡು ಕೋಶಕೇಂದ್ರಗಳಲ್ಲಿ ಉಳಿಯುತ್ತವೆ. ಅಂಡವಾಗುವುದು ಅಂಚಿನ ಕೇಂದ್ರ. ಅದಕ್ಕೆ ಕೆಡದ ತಂತುವೇ ದೊರೆಯುತ್ತದೆ. ಗಂಡು ನೊಣದಲ್ಲಂತೂ ಅಡ್ಡದಾಟೇ ಇಲ್ಲ. ಹೀಗಾಗಿ ನೊಣಗಳ ಕುಲದಲ್ಲಿ ವಿಲೋಮಗಳು ನಷ್ಟವಿಲ್ಲದೆ ತಲೆಮಾರುಗಳುದ್ದಕ್ಕೂ ಉಳಿದುಬರುತ್ತವೆ.

ಇದೆಲ್ಲ ಸಂತತಿಯನ್ನು ಎಣಿಸಿ ಊಹಿಸಿದ್ದು. ಕಣ್ಣಾರೆ ಕಾಣುವ ದಾರಿ ತೆರೆದದ್ದು 1933ರಲ್ಲಿ. ನೊಣದ ಮರಿಹುಳುವಿನ ಲಾಲಾಗ್ರಂಥಿಯಲ್ಲಿರುವ ಬೃಹತ್ ವರ್ಣತಂತುಗಳ ಮೇಲಿನ ಪಟ್ಟೆಗಳಿಂದ ಜೀನುಗಳ ಕ್ರಮವನ್ನು ಓದಬಹುದೆಂದು ಪೇಂಟರ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅಲ್ಲಿ ಜೋಡಿ ತಂತುಗಳು ಅಂಟಿಕೊಂಡೇ ಇರುವುದರಿಂದ ಕುಣಿಕೆಯೂ ಸ್ಪಷ್ಟವಾಗಿ ಕಾಣುತ್ತದೆ.

ನಾನು ಆ ಕುಣಿಕೆಯನ್ನು ಮೊದಲು ಕಂಡದ್ದು 1970ರ ದಶಕದಲ್ಲಿ, ಮೈಸೂರಿನ ಮಾನಸ ಗಂಗೋತ್ರಿಯಲ್ಲಿ. ಅಲ್ಲಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರ್ ಎಂ. ಆರ್. ರಾಜಶೇಖರಶೆಟ್ಟಿಯವರು ನೆಟ್ಟ ತಳಿಶಾಸ್ತ್ರದ ಸಸಿ ಆ ಹೊತ್ತಿಗೆ ಮರವಾಗಿತ್ತು. ಎನ್. ಬಿ. ಕೃಷ್ಣಮೂರ್ತಿಯವರು, ಅವರ ನಂತರ ಎಚ್. ಎ. ರಂಗನಾಥ್ ಅವರು ದಕ್ಷಿಣ ಭಾರತದ ನೊಣಗಳ ವಿಲೋಮಗಳನ್ನು ಅಧ್ಯಯನ ಮಾಡಿದರು. 1968ರಲ್ಲಿ ವಿವರಿಸಲಾದ ಒಂದು ನೊಣಕ್ಕೆ ಗುರುಗಳ ಹೆಸರಿನಲ್ಲೇ ಡ್ರೊಸೊಫಿಲಾ ರಾಜಶೇಖರಿ ಎಂದು ಹೆಸರಿಟ್ಟರು, 1970ರಲ್ಲಿ ಇನ್ನೊಂದು ಮೈಸೊರೆನ್ಸಿಸ್ ಆಯಿತು. ಗೋಧಿ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ನೊಣಗಳ ಆಹಾರದ ವಾಸನೆ ಕೇಸರಿಬಾತಿನಂತೆ ಇಡೀ ಪಡಸಾಲೆಯಲ್ಲಿ ಹರಡಿರುತ್ತಿತ್ತು. ಗ್ರಂಥಿಯನ್ನು ಸೂಜಿಯಿಂದ ಬಿಡಿಸಿ, ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿದಾಗ, ಪಟ್ಟೆ ಪಟ್ಟೆಯ ತಂತು ಒಂದೆಡೆ ಬಳೆಯಂತೆ ಸುತ್ತಿಕೊಂಡಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಆದರೆ ನನಗೂ ಆಗ ಅದೊಂದು ಚಂದದ ನೋಟ ಮಾತ್ರವಾಗಿತ್ತು.

ಅದೇ ವೇಳೆಗೆ ಹಳ್ಳಿಗಳಲ್ಲಿ ಚಳಿಜ್ವರ ಮತ್ತೆ ತಲೆಯೆತ್ತಿತ್ತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. ನನ್ನ ಅಣ್ಣ ಆ ಎಂಟು ಲಕ್ಷದಲ್ಲೊಬ್ಬ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಬೆನ್ನಿಗೆ ಪಂಪು ಕಟ್ಟಿಕೊಂಡವರು ಬಂದು ಗೋಡೆಗಳಿಗೆ ಡಿ.ಡಿ.ಟಿ. ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದುದು ನನ್ನ ಬಾಲ್ಯದ ಚಿತ್ರ. 1960ರ ದಶಕದ ನಡುವಿಗೆ ದೇಶದ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಎಲ್ಲರೂ ತಿಳಿದರು. 1976ರಲ್ಲಿ ಅದು 64 ಲಕ್ಷಕ್ಕೆ ಏರಿತು. ಸೊಳ್ಳೆಗಳು ಡಿ.ಡಿ.ಟಿ.ಗೆ ಬಗ್ಗದಾಗಿದ್ದವು.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯ ಹೆಸರು ಅನಾಫಿಲಿಸ್ ಕ್ಯೂಲಿಸಿಫೇಸಿಸ್. 1901ರಲ್ಲಿ ಗೈಲ್ಸ್ ಎಂಬವರು ಇದಕ್ಕೆ ಹೆಸರಿಟ್ಟರು. ಇದು ದನದ ಕೊಟ್ಟಿಗೆಯಲ್ಲಿ ಹೇರಳವಾಗಿ ಸಿಗುತ್ತದೆ. ಆದರೆ ಇದರ ನಡತೆ ವಿದ್ವಾಂಸರಿಗೆ ಅರ್ಥವಾಗುತ್ತಿರಲಿಲ್ಲ. ಕೆಲವು ಸೀಮೆಗಳಲ್ಲಿ ಈ ಸೊಳ್ಳೆ ಧಾರಾಳವಾಗಿದ್ದರೂ ಮಲೇರಿಯಾ ಕಡಿಮೆ, ಬೇರೆಡೆ ಹೆಚ್ಚು. ನೋಡಲು ಎಲ್ಲವೂ ಒಂದೇ. ರೆಕ್ಕೆ, ಕಾಲು, ಬಣ್ಣ, ಯಾವುದರಲ್ಲಿಯೂ ವ್ಯತ್ಯಾಸವಿಲ್ಲ.

ಉತ್ತರ ಸಿಕ್ಕಿದ್ದು ವರ್ಣತಂತುಗಳಲ್ಲಿ. ರಕ್ತ ಕುಡಿದು ಮೊಟ್ಟೆ ಬಲಿಯುತ್ತಿರುವ ಹೆಣ್ಣು ಸೊಳ್ಳೆಯ ಅಂಡಾಶಯದ ಪೋಷಕ ಕೋಶಗಳಲ್ಲಿಯೂ ನೊಣದ ಮರಿಹುಳುವಿನಲ್ಲಿರುವಂತೆಯೇ ಬೃಹತ್ ವರ್ಣತಂತುಗಳಿವೆ. 1980ರಲ್ಲಿ ಗ್ರೀನ್ ಮತ್ತು ಮೈಲ್ಸ್ ಎಂಬ ವಿಜ್ಞಾನಿಗಳು ಇವನ್ನು ಓದಿ, ಈ ಸೊಳ್ಳೆಗಳ ಎಕ್ಸ್ ವರ್ಣತಂತುವಿನಲ್ಲಿ ಎರಡು ಬಗೆಯ ವಿಲೋಮ ಕ್ರಮಗಳಿರುವುದನ್ನು ತಿಳಿಸಿದರು. ದೆಹಲಿಯ ಮಲೇರಿಯಾ ಸಂಶೋಧನ ಕೇಂದ್ರದಲ್ಲಿ ಡಾ. ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಈ ಕೆಲಸವನ್ನು ದೇಶದ ಹಲವು ಭಾಗಗಳಿಗೆ ವಿಸ್ತರಿಸಿದರು.

ಇಲ್ಲಿ ನನ್ನ ವಿದ್ಯಾರ್ಥಿಗಳು ಸ್ವಲ್ಪ ನಿಂತು ಯೋಚಿಸಬೇಕು. ಹೆಣ್ಣು ಸೊಳ್ಳೆಗೆ ಎರಡು ಎಕ್ಸ್ ಇರುತ್ತವೆ. ಎರಡೂ ಬಗೆಯ ಸೊಳ್ಳೆಗಳು ಒಂದೇ ಊರಿನಲ್ಲಿ, ಒಂದೇ ಕೊಟ್ಟಿಗೆಯಲ್ಲಿ ವಾಸಿಸಿ ಪರಸ್ಪರ ಕೂಡುತ್ತಿದ್ದರೆ, ಅವುಗಳ ಹೆಣ್ಣುಮಕ್ಕಳಲ್ಲಿ ಒಂದು ಎಕ್ಸ್ ಈ ಬಗೆಯದು, ಇನ್ನೊಂದು ಆ ಬಗೆಯದು ಆಗಿರಬೇಕು. ಅಂದರೆ ಸೂಕ್ಷ್ಮದರ್ಶಕದಲ್ಲಿ ಕುಣಿಕೆ ಕಾಣಬೇಕು. ಆದರೆ ಅಂತಹ ಹೆಣ್ಣುಗಳು ಇಲ್ಲವೆನ್ನುವಷ್ಟು ಅಪರೂಪವಾಗಿದ್ದವು. ಕುಣಿಕೆ ಇಲ್ಲವೆಂದರೆ ಬೆರಕೆ ಇಲ್ಲ. ಬೆರಕೆ ಇಲ್ಲವೆಂದರೆ ಅವು ಒಂದೇ ಸೊಳ್ಳೆಯಲ್ಲ, ಒಂದೇ ಮುಖದ ಎರಡು ಬೇರೆ ಪ್ರಭೇದಗಳು. ಅವಕ್ಕೆ ಎ ಮತ್ತು ಬಿ ಎಂದು ಹೆಸರಾಯಿತು. ಮುಂದೆ ಸಿ, ಡಿ, ಇ ಕೂಡ ಸೇರಿಕೊಂಡು ಈ ಸೋದರ ಪ್ರಭೇದಗಳು ಐದಾದವು. ನಾನು ಅಂಕಕ್ಕಾಗಿ ಬರೆಯಿಸುತ್ತಿದ್ದ ಕುಣಿಕೆ, ಕಾಣಬೇಕಾದಲ್ಲಿ ಕಾಣದೆ ಹೋಗಿಯೇ ಇಷ್ಟು ದೊಡ್ಡ ಸತ್ಯವನ್ನು ಹೇಳಿತು!

ಆಫ್ರಿಕಾದಲ್ಲಿ ಇದೇ ಕುಣಿಕೆ ಬೇರೊಂದು ಕಥೆ ಹೇಳಿತು. ಇಟಲಿಯ ಮಾರಿಯೊ ಕೊಲುಜ್ಜಿ ಮತ್ತು ಸಂಗಡಿಗರು ಅಲ್ಲಿಯ ಅನಾಫಿಲಿಸ್ ಗಾಂಬಿಯೆ ಸೊಳ್ಳೆಯಲ್ಲಿ, ಕಾಡಿನಿಂದ ಒಣಭೂಮಿಯ ಕಡೆಗೆ ಹೋದಂತೆ ಒಂದು ವಿಲೋಮದ ಪ್ರಮಾಣ ಏರುವುದನ್ನು ಗುರುತಿಸಿದರು. ಒಣಹವೆಯನ್ನು ತಾಳಿಕೊಳ್ಳಲು ನೆರವಾಗುವ ಜೀನುಗಳನ್ನು ಅಡ್ಡದಾಟು ಚದರಿಸದಂತೆ ಕಾಯುವ ಗಂಟು ಅದು.

ನಮ್ಮ ದೇಶದ ಎ ಮತ್ತು ಬಿ ಪ್ರಭೇದಗಳಿಗೂ ಗುಣ ಬೇರೆ ಬೇರೆ. ಬಿ ಬಹುಮಟ್ಟಿಗೆ ದನದ ರಕ್ತವನ್ನೇ ನೆಚ್ಚಿಕೊಂಡಿದ್ದು, ಮಲೇರಿಯಾ ಹರಡುವುದರಲ್ಲಿ ದುರ್ಬಲ. ಎ ಹಾಗಲ್ಲ, ರೋಗಾಣುವನ್ನು ಚೆನ್ನಾಗಿ ಸಾಕುತ್ತದೆ. ಡಿ.ಡಿ.ಟಿ.ಗೆ ಎ ಹೆಚ್ಚು ಬೇಗ ಸಾಯುತ್ತದೆ, ಬಿ ತಡೆದುಕೊಳ್ಳುತ್ತದೆ. ಎರಡನ್ನೂ ಒಂದೇ ಎಂದು ಎಣಿಸಿದಷ್ಟು ಕಾಲ ಔಷಧಿ ಹೊಡೆದ ಫಲವೇನೆಂಬ ಲೆಕ್ಕ ಸರಿಹೋಗುವಂತಿರಲಿಲ್ಲ.

ಕೊನೆಗೆ ಬಾವಿಗೆ ಬರುತ್ತೇನೆ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಎಸ್. ಕೆ. ಘೋಷ್ ಮತ್ತು ಸಂಗಡಿಗರು ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ನೀರಿಗೆ ಬಿಟ್ಟು ಮಲೇರಿಯಾವನ್ನು ತಗ್ಗಿಸುವ ಕೆಲಸ ಮಾಡಿದರು. ಡಾ. ಸುಬ್ಬರಾವ್ ಅವರೂ ಪಾಲುಗೊಂಡು 2005ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ನಿವೃತ್ತನಾದ ಮೇಲೆ ಓದಿದೆ. ಬಾವಿಗೆ ಬಿಟ್ಟ ಮೀನು ತಿನ್ನುವುದು ಯಾವ ಸೊಳ್ಳೆಯ ಮರಿಗಳನ್ನು ಎಂದು ನೋಡಿದರೆ, ಅವು ಸೋದರ ಪ್ರಭೇದಗಳಲ್ಲಿ ರೋಗ ಹರಡುವ ಪ್ರಭೇದದ್ದೇ ಆಗಿದ್ದವು. ತಿಳಿನೀರಿನ ಬಾವಿಯೇ ಅದರ ತೊಟ್ಟಿಲು. ಆ ಪುಟವನ್ನು ಓದಿ ಕನ್ನಡಕ ತೆಗೆದಿಟ್ಟು ಸುಮ್ಮನೆ ಕುಳಿತೆ.

ಮಲೇರಿಯಾದ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದೆಂದು ಅಮ್ಮನಿಗೆ ಹೇಳಿದವನು ನಾನು. ಕೊಳಚೆಯನ್ನು ಇಷ್ಟಪಡುವುದು ಕ್ಯೂಲೆಕ್ಸ್ ಎಂಬ ಬೇರೆ ಸೊಳ್ಳೆ, ಅದು ಆನೆಕಾಲು ರೋಗ ಹರಡುವಂಥದ್ದು. ಕ್ಯೂಲಿಸಿಫೇಸಿಸ್ ಬಯಸುವುದು ಕನ್ನಡಿಯಂಥ ನೀರನ್ನೇ. ಅಮ್ಮನಿಗೆ ವರ್ಣತಂತು ಗೊತ್ತಿರಲಿಲ್ಲ, ಸೊಳ್ಳೆಯ ಹೆಸರೂ ಗೊತ್ತಿರಲಿಲ್ಲ. ಬಾವಿ ತುಂಬಿದ ವರ್ಷವನ್ನೂ ಮಗು ಹೋದ ವರ್ಷವನ್ನೂ ಜೋಡಿಸಿ ನೋಡಿದ್ದರು, ಸಂಜೆಯ ಹೊತ್ತು ಅಲ್ಲಿ ಸುಳಿಯಬಾರದೆಂದು ಕಂಡುಕೊಂಡಿದ್ದರು. ಅವರದು ವೀಕ್ಷಣೆ, ನನ್ನದು ಅರೆಬೆಂದ ಓದು. ನಾನು ಅದೇ ತಪ್ಪನ್ನು ತರಗತಿಯಲ್ಲಿಯೂ ಹೇಳಿರಬೇಕು. "ಕೊಳಚೆ ನಿಲ್ಲದಂತೆ ನೋಡಿಕೊಳ್ಳಿ, ಮಲೇರಿಯಾ ಬರುವುದಿಲ್ಲ" ಎಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಸಿದ್ದರೆ ಇಂದೇ ತಿದ್ದಿಕೊಳ್ಳಿ. ಕೊಳಚೆ ತೆಗೆಯುವುದು ಒಳ್ಳೆಯದೇ, ಆದರೆ ಮುಚ್ಚಳವಿಲ್ಲದ ತಿಳಿನೀರನ್ನೂ ನೋಡಿಕೊಳ್ಳಬೇಕು.

ಈ ವಿಷಯ ತಿಳಿಯುವ ವೇಳೆಗೆ ಅಮ್ಮ ಇರಲಿಲ್ಲ. ಕಳೆದ ವರ್ಷ ಊರಿಗೆ ಹೋದಾಗ ಬಾವಿಯ ಬಳಿಗೆ ಹೋದೆ. ಕೊಳವೆಬಾವಿಗಳು ಬಂದ ಮೇಲೆ ಅದರ ಒರತೆ ಬತ್ತಿ ಬಹಳ ವರ್ಷಗಳಾಗಿವೆ. ಕಲ್ಲುಸಂದಿನಲ್ಲಿ ಹೊಂಗೆಯ ಗಿಡ ಎದ್ದಿದೆ, ತಳದಲ್ಲಿ ಕಸ. ಸಂಜೆಯಾಗುತ್ತಿತ್ತು, ಬೆಟ್ಟದ ನೆರಳು ಹೊಲದ ಮೇಲೆ ಬಿದ್ದಿತ್ತು. "ಹೊತ್ತಾಯಿತು, ಬಾವಿ ಹತ್ತಿರ ನಿಲ್ಲಬೇಡಪ್ಪ" ಎಂದು ಅಮ್ಮ ಕರೆದಂತಾಯಿತು. ಈ ಬಾರಿ ವಾದ ಮಾಡದೆ ಮನೆಗೆ ಹೊರಟೆ.

ಮುಂದಿನ ಸಾಲಿನಲ್ಲಿ ಎದ್ದು ನಿಂತ ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇದು: ಮಗಳೇ, ಆ ಕುಣಿಕೆಯಿಂದ ಯಾವ ಸೊಳ್ಳೆ ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಎಂಬುದು ತಿಳಿಯಿತು. ಬಾವಿಗೆ ಮೀನು ಬಿಡುವುದು ಏಕೆ ಸರಿಯೆಂಬುದು ತಿಳಿಯಿತು. ನನ್ನ ತಾಯಿ ಹೇಳಿದ್ದು ನಿಜವೆಂಬುದೂ ತಿಳಿಯಿತು. ಉತ್ತರ ತಡವಾದುದಕ್ಕೆ ಕ್ಷಮಿಸು.

ನಿಮ್ಮ ಹಳ್ಳಿಗಳ ಬಾವಿ, ಕಟ್ಟೆ, ಕಲ್ಯಾಣಿಗಳ ನೆನಪುಗಳಿದ್ದರೆ ಬರೆದು ಕಳುಹಿಸಿ. ಹಿರಿಯರು ಹೇಳುತ್ತಿದ್ದ ಮಾತುಗಳನ್ನೂ ಹಾಗೆಯೇ ಬರೆಯಿರಿ, ನಗಬೇಡಿ. ಎಲ್ಲರಿಗೂ ಒಳಿತಾಗಲಿ.